ತಾವು ಬರೆಯದ ಪತ್ರ

ಗುಡ್ಡಜನ ಪಕ್ಷದ ಘನ ಅಧ್ಯಕ್ಷರ ಸನ್ನಿಧಾನಕ್ಕೆ, ಐಜ್ವಾಲ್.

ತಮ್ಮ ಸಹಿಯನ್ನು ನಾನು ತಮಗಿಂತ ಚೆನ್ನಾಗಿ ಹಾಕುತ್ತಿದ್ದೆ. ನಮ್ಮೂರಿನಲ್ಲಿ ತಮ್ಮ ಪಕ್ಷಕ್ಕೆ ಉಳಿದಿದ್ದ ಒಬ್ಬರೇ ಸದಸ್ಯರು ನನ್ನ ಅಜ್ಜ ಜಾಲಿಯಾನಾ. ‘ಸೋಮವಾರ ತಮ್ಮನ್ನು ಕಾಣಲು ಬರುತ್ತೇನೆ’ ಎಂದು ತಮ್ಮ ಹೆಸರಿನಲ್ಲಿ ಅವರಿಗೊಂದು ಪತ್ರ ಬರೆದೆ, ತಮಾಷೆಗೆ. ಅಜ್ಜ ಕೋಟು ತೊಟ್ಟು ಸುಮೋ ಜೀಪುಗಳ ನಿಲ್ದಾಣದಲ್ಲಿ ಮೂರು ದಿನ ಮಳೆಯಲ್ಲಿ ಕೂತರು.

“ಬರೆದದ್ದು ನಾನೇ ಕಣಜ್ಜ, ಮನೆಗೆ ಬಾ” ಎಂದೆ.

“ಹೋಗೋ ಮಂಗ, ಇಷ್ಟು ಮರ್ಯಾದೆಯಾಗಿ ಬರೆಯೋಕೆ ನಿಂಗೆಲ್ಲಿ ಬರುತ್ತೆ?”

ಜ್ವರ ಬಂತು, ಶನಿವಾರ ತೀರಿಕೊಂಡರು. ಊರ ಹುಡುಗರು ಗುಂಡಿ ತೋಡಿ, ಕೋಟಿನ ಜೇಬಿನಲ್ಲಿದ್ದ ಪತ್ರವನ್ನೂ ಜೊತೆಗೇ ಹೂಳಿದರು.

ಸಮಾಧಿಗೆ ಕಲ್ಲು ನೆಡುವ ದಿನ ತಾವು ಬರಬೇಕು. ಆಗದಿದ್ದರೆ ಒಂದು ಸಾಲನ್ನಾದರೂ ತಾವೇ ಬರೆದು ಕಳಿಸಿ. ನನ್ನ ಕೈಗೆ ಈಗ ತಮ್ಮ ಸಹಿ ಬರುತ್ತಿಲ್ಲ.

ಇಂತಿ,
ಊರ ಘಟಕದ ಈಗಿನ ಒಬ್ಬನೇ ಸದಸ್ಯ,
ರುವಾತಾ