ಅತ್ತೆಯವರು ನೀಲಿ ಗವಿ ಕಂಡದ್ದು

ಕ್ಯಾಪ್ರಿ ದ್ವೀಪ, ಇಟಲಿ

ಅಬ್ಬಿಗೆರೆಯ ಮಾವನವರಿಗೆ ಅಳಿಯ ಬಾಲರಾಜುವಿನ ನಮಸ್ಕಾರ. ಇಂದು ಅತ್ತೆಯವರನ್ನು ಸಮುದ್ರದ ನೀಲಿ ಗವಿಗೆ ಕರೆದೊಯ್ದೆ. ಹಿಂದೆ ಅದರಲ್ಲಿ ದೆವ್ವಗಳಿದ್ದವಂತೆ. ಗವಿಯ ಬಾಯಿ ಬಹಳ ತಗ್ಗು, ದೋಣಿಯಲ್ಲಿ ಅಂಗಾತ ಮಲಗಿಯೇ ಒಳಗೆ ಹೋಗಬೇಕು. ದೆವ್ವಕ್ಕೆ ಹೆದರದ ಅತ್ತೆಯವರು ನನ್ನ ಮೊಬೈಲಿನಲ್ಲಿ ದಿಕ್ಕು ನೋಡಿಸಿ, “ಉತ್ತರಕ್ಕೆ ತಲೆ ಆಕಿ ನಮ್ಮನೆ ನಾಯಿನೂ ಮಲಗಾಕಿಲ್ಲ” ಎಂದು ಪಟ್ಟು ಹಿಡಿದರು. ಹಿಂದೆ ದೋಣಿಗಳ ಸಾಲೇ ನಿಂತಿತು. ಕೊನೆಗೆ ಅಂಬಿಗನೇ ಕೈಮುಗಿದು ಅವರನ್ನು ದಕ್ಷಿಣಕ್ಕೆ ತಲೆಮಾಡಿ ಮಲಗಿಸಿದ. ದಿಕ್ಕು ಸರಿಹೋದದ್ದೇ ತಡ, ಗೊರಕೆ ಶುರುವಾಯಿತು. ಒಳಗೆ ನೀರಿನಡಿ ನೀಲಿ ದೀಪ ಹಚ್ಚಿಟ್ಟಂತಿತ್ತು. ಎಷ್ಟು ಕರೆದರೂ ಅತ್ತೆಯವರು ಏಳಲಿಲ್ಲ. ಹೊರಗೆ ಬಂದಮೇಲೆ ಎದ್ದು ಕೂತು, “ಗವಿ ಇನ್ನೂ ಎಷ್ಟು ದೂರ ಐತೆ ಅಳಿಯಂದ್ರೇ?” ಎಂದರು.

ಈಗಷ್ಟೇ ನಮ್ಮಿಬ್ಬರ ಬಿ.ಪಿ.ಯನ್ನೂ ನೋಡಿದೆ. ಅವರದು ಸರಿಯಾಗಿದೆ.

ಬಾಲರಾಜು