ಬಂಗುಡೆ ಸಾರಿನ ದಿನ

ಗುರುವಾರ, ನವೆಂಬರ್ 14. ಜೊಂಜು, ದಕ್ಷಿಣ ಕೊರಿಯಾ.

ತೀರ್ಪು ಇನ್ನೂ ಬಂದಿಲ್ಲ, ಆದರೂ ನಗು ತಡೆಯಲಾಗುತ್ತಿಲ್ಲ. ಕಾರ್ಖಾನೆಯ ಮೇಲ್ವಿಚಾರಕ ಉಗ್ರಾಣದಲ್ಲಿ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ಅಲ್ಲಿನ ಕೆಲಸಗಾರ್ತಿ ಉನ್‌ಸೊಲ್ ದೂರು ಕೊಟ್ಟಾಗ, ತಾರೀಖು ಹೇಳಲಿಲ್ಲವೆಂದು ಪೊಲೀಸರು "ಬುದ್ಧಿ ಕಮ್ಮಿ, ನೆನಪಿಲ್ಲ" ಎಂದು ಬರೆದುಕೊಂಡಿದ್ದರು. ಹೇಳಿಕೆ ಕೊಡಲು ಅವಳಿಗೆ ನೆರವಾಗುವುದೇ ನನ್ನ ಕೆಲಸ. ನಾನೂ ಎರಡು ತಿಂಗಳು ತಾರೀಖನ್ನೇ ಕೇಳುತ್ತ ಕೂತಿದ್ದೆನಲ್ಲ, ಪೆದ್ದಿ! ಅವಳನ್ನು ಕೇಳಬೇಕಾದದ್ದು ಆ ದಿನದ ಊಟವೇನೆಂದು; ದಿನಗಳನ್ನು ಅವಳು ನೆನಪಿಡುವುದೇ ಊಟದಿಂದ.

ಇವತ್ತು ಕೋರ್ಟಿನಲ್ಲಿ ಆರೋಪಿಯ ವಕೀಲ ಮತ್ತೆ ಕೆಣಕಿದ: "ಯಾವತ್ತು ಅಂತಾನೇ ಗೊತ್ತಿಲ್ಲ, ನಿನ್ನ ಮಾತು ನಂಬೋದು ಹೇಗಮ್ಮಾ?"

"ಅವತ್ತು ಊಟಕ್ಕೆ ಬಂಗುಡೆ ಸಾರು, ಮೂಲಂಗಿ ಕಿಮ್ಚಿ, ಒಂದು ಕಿತ್ತಳೆ ಕೊಟ್ಟಿದ್ರು. ಕಿತ್ತಳೆ ತಿನ್ನೋಕೂ ಬಿಡ್ದೆ ಅವನು ಉಗ್ರಾಣಕ್ಕೆ ಕರೆದ."

ಸರ್ಕಾರಿ ವಕೀಲರು ಕಾರ್ಖಾನೆಯ ಊಟದ ಪಟ್ಟಿಯನ್ನು ನ್ಯಾಯಾಧೀಶೆಯ ಮುಂದಿಟ್ಟರು. ಇಡೀ ವರ್ಷದಲ್ಲಿ ಆ ಮೂರೂ ಒಟ್ಟಿಗೆ ಬಂದದ್ದು ಒಂದೇ ದಿನ, ಮಾರ್ಚ್ ಹನ್ನೆರಡು. ನ್ಯಾಯಾಧೀಶೆ ಕನ್ನಡಕ ಏರಿಸಿ ಎರಡು ಸಲ ಓದಿದರು.

ಅಷ್ಟರಲ್ಲಿ ಉನ್‌ಸೊಲ್, "ವಕೀಲ್ರೇ, ಹೋದ ಮಂಗಳವಾರ ಮಧ್ಯಾಹ್ನ ನೀವೇನ್ ತಿಂದ್ರಿ?" ಎಂದಳು.

ವಕೀಲ ತನ್ನ ಕಡತದ ಹಾಳೆಗಳನ್ನು ತಿರುವತೊಡಗಿದ.

ಅವಳು ಹೇಳಿಕೆ ಟೈಪು ಮಾಡುವವಳ ಕಡೆ ತಿರುಗಿ ಮೆಲ್ಲಗೆ ಹೇಳಿದಳು: "ಬರ್ಕೊಳ್ಳಿ ಅಕ್ಕಾ, ಇವ್ರಿಗೆ ನೆನಪಿಲ್ಲ."