ಒಳಜೇಬಿನ ರವಿಕೆ

ಅಮ್ಮಾ,

ಇವತ್ತು ನಮ್ಮ ಹೊಲಿಗೆ ಅಂಗಡಿಯ ಮುಂದೆ ಟ್ರಾಫಿಕ್ ಪೊಲೀಸಮ್ಮ ಎಡಗೈ ಎತ್ತಿ ಇಡೀ ರಸ್ತೆಯನ್ನೇ ನಿಲ್ಲಿಸಿದಳು. ನಿನಗಾದ ಹಾಗೆ ಅವಳಿಗೂ ಕ್ಯಾನ್ಸರ್ ಬಂದು ಎಡಸ್ತನ ತೆಗೆದಿದ್ದಾರೆ. ಕೈ ಎತ್ತಿದರೆ ಅದರ ಜಾಗದಲ್ಲಿಟ್ಟುಕೊಳ್ಳುವ ಸಿಲಿಕೋನ್ ಸ್ತನ ಜಾರುತ್ತದೆಂದು ಕೆಲಸವನ್ನೇ ಬಿಡುವವಳಿದ್ದಳು. ಅದು ಕೂರುವಂತೆ ಬ್ರಾದೊಳಗೆ ಜೇಬು ಹೊಲಿದುಕೊಟ್ಟೆ.

"ಅಕ್ಕಾ, ಜಪ್ಪಯ್ಯ ಅಂದ್ರೂ ಜಾರಲ್ಲ!" ಎಂದು ಅಲ್ಲಿಂದಲೇ ಕೂಗಿದಳು. ನಾನು ಕತ್ತರಿ ಹಿಡಿದೇ ಸೆಲ್ಯೂಟ್ ಹೊಡೆದೆ. ತನಗೇ ಹೊಡೆದದ್ದೆಂದುಕೊಂಡು, ಅವಳು ನಿಲ್ಲಿಸಿದ್ದ ಲಾರಿಯವನೂ ನನಗೊಂದು ಸೆಲ್ಯೂಟ್ ಹೊಡೆದ!

ನೀನು ಕಣ್ಣುಮುಚ್ಚುವವರೆಗೂ ರವಿಕೆಯೊಳಗೆ ಬಟ್ಟೆಯುಂಡೆ ಪಿನ್ನು ಮಾಡಿಕೊಂಡೇ ಊರಿಗೆಲ್ಲ ಬಟ್ಟೆ ಹೊಲಿದೆ. ನನ್ನ ಮದುವೆಯ ಫೋಟೋದಲ್ಲೂ ನಿನ್ನ ಎಡಗೈ ಎದೆಗೆ ಒತ್ತಿಕೊಂಡೇ ಇದೆ.

ಗಿರಾಕಿಗಳಿಗೆ ತೋರಿಸಲೆಂದು ಒಳಜೇಬಿನ ರವಿಕೆಯೊಂದನ್ನು ಅಂಗಡಿಯಲ್ಲಿ ತೂಗುಹಾಕಿದ್ದೇನೆ. ಎಷ್ಟೋ ಜನ ಕೇಳಿದರು, ಕೊಡಲಿಲ್ಲ. ಅದು ನಿನ್ನ ಅಳತೆಯದು.